ಅರಸರ ಹೆಸರಿನಲ್ಲಿ

ದೇವನಹಳ್ಳಿಗೆ ಹೋಗಿದ್ದೆನೆಂದರೆ ಈಗ ಯಾರೂ ಕೋಟೆಯ ವಿಚಾರ ಕೇಳುವುದಿಲ್ಲ. ಯಾವ ಊರಿಗೆ ಪ್ರಯಾಣ ಎಂದು ಕೇಳುತ್ತಾರೆ. 2008ರಲ್ಲಿ ವಿಮಾನ ನಿಲ್ದಾಣ ತೆರೆದಂದಿನಿಂದ ಆ ಊರಿನ ಹೆಸರಿಗೆ ಹೊಸ ಅರ್ಥವೊಂದು ಬಂದುಬಿಟ್ಟಿದೆ. ಆದರೆ ನಿಲ್ದಾಣವನ್ನು ದಾಟಿ ಇನ್ನೂ ಸ್ವಲ್ಪ ಮುಂದೆ ಹೋದವರಿಗೆ ಹಳೆಯ ದೇವನಹಳ್ಳಿ ಸಿಕ್ಕುತ್ತದೆ. ಅರ್ಧಚಂದ್ರಾಕಾರದ ಬುರುಜುಗಳ ಕಲ್ಲಿನ ಕೋಟೆ ಊರನ್ನು ಬಳಸಿ ಇಂದಿಗೂ ನಿಂತಿದೆ. ಒಳಗೆ ವೇಣುಗೋಪಾಲಸ್ವಾಮಿಯ ಗುಡಿ, ಜನವಸತಿಯ ಮನೆಗಳು, ಬೀದಿಗಳು. ಕೋಟೆಯಿಂದ ಕೂಗಳತೆಯ ದೂರದಲ್ಲಿ ಟಿಪ್ಪು ಹುಟ್ಟಿದ ಸ್ಥಳವೆಂದು ಗುರುತಿಸಿರುವ ಒಂದು ಸಣ್ಣ ಕಲ್ಲಿನ ಆವರಣ.

ಈಚೆಗೆ ನಮ್ಮ ಕಾಲೇಜಿನ ಕೆಲವು ವಿದ್ಯಾರ್ಥಿಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ನಾನು ಕನ್ನಡ ಹೇಳುವವನು, ಇತಿಹಾಸದ ಅಧ್ಯಾಪಕನಲ್ಲ. ಆದರೂ ಕೋಟೆಯ ಮೇಲೆ ನಿಂತಾಗ ಇತಿಹಾಸ ಮಾತನಾಡದೆ ಇರುವುದು ಸಾಧ್ಯವೆ? ಇಬ್ಬರು ಹುಡುಗರಿಗೆ ಅಲ್ಲಿಯೇ ವಾದ ಹತ್ತಿಕೊಂಡಿತು. ಹೈದರನು ಅರಸರ ರಾಜ್ಯವನ್ನು ಕಸಿದ ದ್ರೋಹಿಯೆಂದು ಒಬ್ಬ. ಅವನಿಲ್ಲದಿದ್ದರೆ ಮೈಸೂರೇ ಉಳಿಯುತ್ತಿರಲಿಲ್ಲವೆಂದು ಇನ್ನೊಬ್ಬ. ಮಾತು ಬಹುಬೇಗ ಜಾತಿಗೆ, ಮತಕ್ಕೆ ತಿರುಗಿತು. ನಮ್ಮಲ್ಲಿ ಈ ವಿಷಯ ಎತ್ತಿದಾಗಲೆಲ್ಲ ಹಾಗೆಯೇ ಆಗುತ್ತದೆ. ನಾನು ಅವರನ್ನು ಬುರುಜಿನ ನೆರಳಿನಲ್ಲಿ ಕೂರಿಸಿ, 1760ರಲ್ಲಿ ಮೈಸೂರು ಮೈಸೂರಿನೊಡನೆಯೇ ಮಾಡಿದ ಯುದ್ಧದ ಕಥೆಯನ್ನು ನನಗೆ ತಿಳಿದಷ್ಟು ಹೇಳಿದೆ. ಆ ದಿನಗಳಲ್ಲಿ ನಾನು ಸ್ಪೇನ್ ದೇಶದ ಅಂತರ್ಯುದ್ಧದ ಪುಸ್ತಕವೊಂದನ್ನು ಓದುತ್ತಿದ್ದುದೂ ಅದಕ್ಕೆ ಒಂದು ಕಾರಣವಿರಬಹುದು. ಅಂದು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆದಿದ್ದೇನೆ.

ಕಥೆ ಆರಂಭವಾಗುವುದು ಹೈದರನಿಂದಲ್ಲ, ಅವನಿಗಿಂತ ಎರಡು ತಲೆಮಾರು ಹಿಂದೆ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಮೈಸೂರಿನ ಆಡಳಿತಕ್ಕೆ ಹೊಸ ರೂಪ ಕೊಟ್ಟರು. ಹದಿನೆಂಟು ಇಲಾಖೆಗಳ ‘ಅಠಾರಾ ಕಚೇರಿ’ಯನ್ನು ಏರ್ಪಡಿಸಿದರು, ಅಂಚೆಯನ್ನು ವ್ಯವಸ್ಥೆಗೊಳಿಸಿದರು, ಕಂದಾಯವನ್ನು ಬಿಗಿಮಾಡಿದರು. 1687ರಲ್ಲಿ ಮೊಗಲರ ಸೇನಾಪತಿ ಕಾಸಿಂ ಖಾನನಿಂದ ಬೆಂಗಳೂರನ್ನು ಹಣ ಕೊಟ್ಟು ಪಡೆದರು. ಹೊಸ ತೆರಿಗೆಗಳ ವಿರುದ್ಧ ರೈತರು ಎದ್ದದ್ದೂ ಉಂಟು. ಅದನ್ನು ಕ್ರೂರವಾಗಿ ಅಡಗಿಸಿದ್ದೂ ಉಂಟು. ಬೊಕ್ಕಸವಂತೂ ತುಂಬಿತು. ಜನ ಅವರನ್ನು ‘ನವಕೋಟಿ ನಾರಾಯಣ’ ಎಂದು ಕರೆದರು.

ಈ ಸುಧಾರಣೆಯಲ್ಲಿ ಒಂದು ಕೊರತೆಯಿತ್ತು. ಎಲ್ಲ ಎಳೆಗಳೂ ಅರಸರೊಬ್ಬರ ಕೈಯಲ್ಲಿ ಸೇರುತ್ತಿದ್ದವು. ಕೈ ಗಟ್ಟಿಯಾಗಿರುವವರೆಗೆ ಮಾತ್ರ ಅದು ನಡೆಯಬಲ್ಲದು. ಚಿಕ್ಕದೇವರಾಜರ ನಂತರ ಪಟ್ಟಕ್ಕೆ ಬಂದ ಮಗ ಕಂಠೀರವ ನರಸರಾಜರು ಹುಟ್ಟುಮೂಕರು. ‘ಮೂಕರಸು’ ಎಂದೇ ಪ್ರಸಿದ್ಧರಾದವರು. ಅವರ ಮಗ ದೊಡ್ಡ ಕೃಷ್ಣರಾಜರ ಕಾಲಕ್ಕೆ ಅಧಿಕಾರವೆಲ್ಲ ಸದ್ದಿಲ್ಲದೆ ಮಂತ್ರಿಗಳ ಮತ್ತು ದಳವಾಯಿಗಳ ಪಾಲಾಯಿತು. ಕಳಲೆಯ ಮನೆತನದ ದೇವರಾಜಯ್ಯ ದಳವಾಯಿಯಾದ. 1732ರಲ್ಲಿ ಪಟ್ಟವೇರಿದ ಚಾಮರಾಜರು ತಾವೇ ಆಳಬೇಕೆಂದು ಹೊರಟು ಈ ಮನೆತನವನ್ನು ಅಧಿಕಾರದಿಂದ ತೆಗೆಯಲು ನೋಡಿದರು. ಫಲವೇನಾಯಿತು? ಅವರನ್ನೇ ಪಟ್ಟದಿಂದಿಳಿಸಿ ಕಬ್ಬಾಳದುರ್ಗಕ್ಕೆ ಕಳುಹಿಸಿದರು. 1734ರಲ್ಲಿ ಅಲ್ಲಿಯೇ ತೀರಿಕೊಂಡರು. ಆ ವರ್ಷವೇ ಐದಾರು ವರ್ಷದ ಮಗು ಕೃಷ್ಣರಾಜರನ್ನು ಸಿಂಹಾಸನದ ಮೇಲೆ ಕೂರಿಸಲಾಯಿತು. ಕೆಲವು ವರ್ಷಗಳಲ್ಲಿ ದಳವಾಯಿಯ ತಮ್ಮ ಕರಾಚೂರಿ ನಂಜರಾಜಯ್ಯ ಸರ್ವಾಧಿಕಾರಿಯಾದ. ತನ್ನ ಮಗಳನ್ನು ಅರಸರಿಗೆ ಕೊಟ್ಟು ಮಾವನೂ ಆದ.

ಹೀಗೆ ಮೈಸೂರಿನಲ್ಲಿ ಎರಡು ಮನೆಗಳಾದವು. ಒಂದರಲ್ಲಿ ಹಕ್ಕು, ಇನ್ನೊಂದರಲ್ಲಿ ಅಧಿಕಾರ. ಇಂಥ ಸ್ಥಿತಿ ಹೊರಗಿನವರಿಗೆ ಕಾಣದಂತೆ ಬಹುಕಾಲ ನಡೆಯಬಲ್ಲದು. ಅದು ಬಯಲಾಗುವುದು ಬೊಕ್ಕಸ ಬರಿದಾದಾಗ.

ನಂಜರಾಜಯ್ಯ 1749ರಲ್ಲಿ ದೇವನಹಳ್ಳಿಯನ್ನು ಮುತ್ತಿದ. ಆವತಿಯ ನಾಡಪ್ರಭುಗಳ ಮನೆತನದ ಮಲ್ಲ ಭೈರೇಗೌಡ 1501ರಲ್ಲಿ ಕಟ್ಟಿಸಿದ ಮಣ್ಣಿನ ಕೋಟೆ ಆಗಿನದು. ಇಂದು ಕಾಣುವ ಕಲ್ಲಿನ ಕೋಟೆ ಹೈದರ್ ಮತ್ತು ಟಿಪ್ಪುವಿನ ಕಾಲದ್ದು. ಮುತ್ತಿಗೆ ತಿಂಗಳುಗಟ್ಟಲೆ ನಡೆಯಿತು. ಆ ಸೈನ್ಯದಲ್ಲಿ ಅಣ್ಣನ ಆಶ್ರಯದಲ್ಲಿ ಸ್ವಯಂಸೇವಕನಾಗಿ ಸೇರಿದ್ದ, ಇನ್ನೂ ಮೂವತ್ತು ಮುಟ್ಟದ ಒಬ್ಬ ತರುಣನ ಧೈರ್ಯ ಸರ್ವಾಧಿಕಾರಿಯ ಕಣ್ಣಿಗೆ ಬಿತ್ತು. ಕೋಟೆ ವಶವಾದ ಮೇಲೆ ಅವನಿಗೆ ಐವತ್ತು ಕುದುರೆ, ಇನ್ನೂರು ಕಾಲಾಳುಗಳ ಅಧಿಕಾರ ಸಿಕ್ಕಿತು. ಆ ತರುಣನೇ ಹೈದರಾಲಿ. ಮರುವರ್ಷ, 1750ರಲ್ಲಿ, ಅದೇ ಊರಿನಲ್ಲಿ ಅವನ ಮಗ ಟಿಪ್ಪು ಹುಟ್ಟಿದ.

ಹೈದರನ ಬಾಲ್ಯದ ಒಂದು ಪ್ರಸಂಗವೂ ಈ ಸೀಮೆಯದೇ. ಅವನ ತಂದೆ ಫತೇ ಮಹಮ್ಮದ್ ಶಿರಾದ ನವಾಬರ ಕಡೆ ಯುದ್ಧದಲ್ಲಿ ಮಡಿದಾಗ ಸಂಸಾರ ದೊಡ್ಡಬಳ್ಳಾಪುರದಲ್ಲಿತ್ತು. ಅಲ್ಲಿನ ಜಹಗೀರುದಾರ ಅಬ್ಬಾಸ್ ಕುಲಿ ಖಾನ್, ಸತ್ತವನು ಬಾಕಿ ಉಳಿಸಿದ್ದಾನೆಂದು ಹೇಳಿ ಎಳೆಯ ಮಕ್ಕಳಿಬ್ಬರನ್ನೂ ನಗಾರಿಯೊಳಗೆ ಕೂರಿಸಿ, ಮೇಲಿನ ಚರ್ಮವನ್ನು ಬಿಗಿಸಿ ಹಿಂಸಿಸಿ, ತಾಯಿಯಿಂದ ಹಣ ಕಿತ್ತನಂತೆ. ಮೈಸೂರಿನ ರೆಸಿಡೆಂಟನಾಗಿದ್ದ ವಿಲ್ಕ್ಸ್ ತನ್ನ ಇತಿಹಾಸದಲ್ಲಿ ಇದನ್ನು ಬರೆದಿದ್ದಾನೆ. ಹಣದ ಬಾಕಿ ಮನುಷ್ಯನನ್ನು ಏನು ಮಾಡಬಲ್ಲದೆಂಬುದನ್ನು ಹೈದರ್ ಬಾಲ್ಯದಲ್ಲಿಯೇ ಕಲಿತ. ಮುಂದೆ ಆ ಪಾಠ ಅವನಿಗೆ ಬಹಳ ಉಪಯೋಗಕ್ಕೆ ಬಂತು.

ಇತ್ತ ನಂಜರಾಜಯ್ಯನಿಗೆ ತಿರುಚಿನಾಪಳ್ಳಿಯ ಆಸೆ ಹತ್ತಿತು. ಆರ್ಕಾಟಿನ ಮಹಮ್ಮದಾಲಿ ಆ ಕೋಟೆಯನ್ನು ಕೊಡುವೆನೆಂದು ಮಾತು ಕೊಟ್ಟಿದ್ದ. 1752ರಿಂದ 1755ರವರೆಗೆ ಮೈಸೂರಿನ ಸೈನ್ಯ ಅಲ್ಲಿ ಬಿದ್ದುಕೊಂಡಿತು. ಕೋಟೆ ಬರಲಿಲ್ಲ, ಹಣ ಹೋಯಿತು. ಆ ಹೊತ್ತಿಗೇ ಹೈದರಾಬಾದಿನ ಸಲಾಬತ್ ಜಂಗನು ಫ್ರೆಂಚರ ಬುಸ್ಸಿಯೊಡನೆ ಶ್ರೀರಂಗಪಟ್ಟಣಕ್ಕೆ ಬಂದು ಪೊಗದಿ ಕೇಳಿದ. 56 ಲಕ್ಷಕ್ಕೆ ಒಪ್ಪಂದವಾಯಿತು. ದೇವಸ್ಥಾನದ ಬೆಳ್ಳಿಬಂಗಾರ, ಅರಮನೆಯ ಒಡವೆ ಸೇರಿಸಿದರೂ ಅದರಲ್ಲಿ ಒಂದು ಭಾಗವನ್ನಷ್ಟೇ ತೆರಲು ಸಾಧ್ಯವಾಯಿತು. 1757ರಲ್ಲಿ ಪೇಶ್ವೆ ಬಾಲಾಜಿರಾಯ ಬಂದ. ಅವನಿಗೆ 32 ಲಕ್ಷ. ಕೈಯಲ್ಲಿದ್ದಷ್ಟು ಕೊಟ್ಟು ಉಳಿದದ್ದಕ್ಕೆ ತಾಲೂಕುಗಳನ್ನೇ ಒತ್ತೆಯಿಟ್ಟರು.

ಕನ್ನಡದವನಾಗಿ ನಾನೊಂದು ಮಾತು ಹೇಳಬೇಕು. ಈ ನಂಜರಾಜಯ್ಯ ಸಾಹಿತ್ಯದಲ್ಲಿ ಸಾಮಾನ್ಯನಲ್ಲ. ಕನ್ನಡದಲ್ಲಿಯೂ ಸಂಸ್ಕೃತದಲ್ಲಿಯೂ ಕೃತಿಗಳನ್ನು ರಚಿಸಿದವನು. ಅವನ ಆಶ್ರಯದಲ್ಲಿದ್ದ ನರಸಿಂಹಕವಿ ಒಂದು ಅಲಂಕಾರಗ್ರಂಥವನ್ನೇ ಬರೆದು, ಅದರ ಉದಾಹರಣೆಗಳಲ್ಲೆಲ್ಲ ಅವನನ್ನು ಹೊಗಳಿ, ‘ನಂಜರಾಜಯಶೋಭೂಷಣ’ವೆಂದು ಹೆಸರಿಟ್ಟ. ಪಂಡಿತರ ಸಭೆಯಲ್ಲಿ ಆ ಗ್ರಂಥದ ಬೆಲೆ ಬೇರೆ; ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಸಂಬಳ ಕಾಣದ ಸಿಪಾಯಿಯ ಕಡೆಯಿಂದ ನೋಡಿದರೆ ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ’ ಎಂಬ ಗಾದೆ ನೆನಪಾಗದೆ ಇರುವುದಿಲ್ಲ.

ಈ ನಡುವೆ ಅರಸರು ಬೆಳೆದು ದೊಡ್ಡವರಾಗಿದ್ದರು. ಮಾವನ ಹಿಡಿತದಿಂದ ಬಿಡಿಸಿಕೊಳ್ಳಲು 1756ರಲ್ಲಿ ಅರಮನೆಯಲ್ಲಿ ಆಲೋಚನೆ ನಡೆಯಿತು. ಸುದ್ದಿ ತಿಳಿದ ನಂಜರಾಜಯ್ಯ ಅರಮನೆಯ ಬಾಗಿಲಿಗೆ ಫಿರಂಗಿ ಹೂಡಿ ಒಡೆಯಿಸಿದ. ಅರಸರ ಕಡೆಯವರ ಕಿವಿಮೂಗುಗಳನ್ನು ಅವರ ಕಣ್ಣೆದುರಿಗೇ ಕೊಯ್ಯಿಸಿದನೆಂದು ಹೇಳುತ್ತಾರೆ. ಅಣ್ಣ ದೇವರಾಜಯ್ಯನಿಗೆ ಇದು ಸಹಿಸದೆ ಅವನು ರಾಜಧಾನಿಯನ್ನು ಬಿಟ್ಟು ಸತ್ಯಮಂಗಲಕ್ಕೆ ಹೊರಟುಹೋದ. ಎರಡಾಗಿದ್ದ ಮನೆ ಮೂರಾಯಿತು.

1758ರಲ್ಲಿ ಸಂಬಳವಿಲ್ಲದ ಸೈನ್ಯ ನಂಜರಾಜಯ್ಯನ ಮನೆಬಾಗಿಲಲ್ಲಿ ಧರಣಿ ಕುಳಿತಿತು. ಧರಣಿ ಎಂಬ ಮಾತು ನಮಗೆ ಪರಿಚಿತವೇ. ಆದರೆ ಆ ಕಾಲದ ಧರಣಿಯಲ್ಲಿ ಬಾಕಿದಾರನ ಮನೆಗೆ ಅನ್ನನೀರೂ ಹೋಗುವಂತಿರಲಿಲ್ಲ. ಆಗ ಮಧ್ಯಸ್ಥನಾಗಿ ಬಂದವನು ಹೈದರ್. 1755ರಿಂದ ದಿಂಡುಕಲ್ಲಿನ ಫೌಜುದಾರನಾಗಿದ್ದು ಅವನು ಸ್ವಂತ ಸೈನ್ಯವನ್ನೂ ಹಣವನ್ನೂ ಬೆಳೆಸಿಕೊಂಡಿದ್ದ. ಅವನ ಲೆಕ್ಕಪತ್ರವನ್ನು ನೋಡುತ್ತಿದ್ದವನು ಖಂಡೇರಾಯನೆಂಬ ಬ್ರಾಹ್ಮಣ. ಒಬ್ಬನಿಗೆ ಓದುಬರಹ ತಿಳಿಯದು, ಇನ್ನೊಬ್ಬನಿಗೆ ತಿಳಿಯದ ಲೆಕ್ಕವಿಲ್ಲ. ಹೀಗೆ ಜೋಡಿ ಚೆನ್ನಾಗಿ ಕೂಡಿತ್ತು. ಇವರಿಬ್ಬರೂ ಸೇರಿ ಅಣ್ಣತಮ್ಮಂದಿರನ್ನು ರಾಜಿ ಮಾಡಿಸಿದರು; ಅರಮನೆಯ ಆನೆಕುದುರೆಗಳನ್ನೂ ಲೆಕ್ಕಕ್ಕೆ ಹಿಡಿದು ಸೈನ್ಯದ ಬಾಕಿ ತೀರಿಸಿದರು. ದೇವರಾಜಯ್ಯ ಅದೇ ವರ್ಷ ತೀರಿಕೊಂಡ. ಹೈದರನಿಗೆ ಬೆಂಗಳೂರು ಜಹಗೀರಾಗಿ ಬಂತು. ಮರುವರ್ಷ ಮರಾಠರ ಗೋಪಾಲ ಹರಿಯನ್ನು ಎದುರಿಸಿ, ಒಪ್ಪಂದ ಮಾಡಿಕೊಂಡು ಹಿಂದಿರುಗಿದಾಗ ಅರಸರು ಅವನನ್ನು ‘ಫತೇ ಹೈದರ್ ಬಹಾದ್ದೂರ್’ ಎಂದು ಗೌರವಿಸಿದರು.

ಅರಮನೆಗೆ ಈಗ ತಮ್ಮ ಬಿಡುಗಡೆಯ ದಾರಿ ಕಂಡಂತಾಯಿತು. ದೊಡ್ಡ ಕೃಷ್ಣರಾಜರ ವಿಧವೆಯಾದ ಹಿರಿಯ ರಾಣಿಯವರು ಖಂಡೇರಾಯನ ಮೂಲಕ ಹೈದರನ ನೆರವು ಬೇಡಿದರು. 1759ರಲ್ಲಿ ನಂಜರಾಜಯ್ಯ ಅಧಿಕಾರ ಬಿಟ್ಟು ಕೊನೆಗೆ ಕೊಣನೂರು ಸೇರಿದ. ಖಂಡೇರಾಯ ಅರಸರ ಪ್ರಧಾನನಾದ. ಆದರೆ ಸೈನ್ಯದ ವೆಚ್ಚಕ್ಕೆಂದು ಒಂದಾದ ಮೇಲೊಂದು ಸೀಮೆ ಹೈದರನ ಕೈಗೆ ಹೋಗುತ್ತ, ರಾಜ್ಯದ ಅರ್ಧಕ್ಕಿಂತ ಹೆಚ್ಚು ಅವನದಾಯಿತು. ಮಾವನನ್ನು ಕಳುಹಿಸಿದ ಅರಸರು ನೋಡಿದರೆ ಅದೇ ಪೀಠದಲ್ಲಿ ಇನ್ನೊಬ್ಬ ಕುಳಿತಿದ್ದ.

ಇಲ್ಲಿ ಖಂಡೇರಾಯನ ವಿಷಯ ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಅವನನ್ನು ಉಪ್ಪುಂಡ ಮನೆಗೆ ಎರಡು ಬಗೆದವನೆಂದು ಬರೆಯುವುದು ವಾಡಿಕೆ. ಹೈದರನ ಉಪ್ಪನ್ನು ಉಂಡವನೆಂಬುದು ನಿಜ. ಆದರೆ ಪ್ರಧಾನನಾದ ಮೇಲೆ ಅವನ ಋಣ ಯಾರಿಗೆ? ರಾಜ್ಯದ ಲೆಕ್ಕ ಅವನ ಕೈಯಲ್ಲಿತ್ತು. ಕಂದಾಯವೆಲ್ಲ ಎತ್ತ ಹರಿಯುತ್ತಿದೆಯೆಂದು ಅವನಿಗಿಂತ ಚೆನ್ನಾಗಿ ಯಾರೂ ಅರಿಯರು. ಅವನು ಅರಸರ ಪಕ್ಷ ಹಿಡಿದುದರಲ್ಲಿ ಅಧಿಕಾರದ ಆಸೆಯೂ ಇದ್ದೀತು, ಧರ್ಮವೂ ಇದ್ದೀತು. ಎರಡನ್ನೂ ಬೇರ್ಪಡಿಸುವ ತಕ್ಕಡಿ ನಮ್ಮಲ್ಲಿಲ್ಲ.

1760ರ ಆಗಸ್ಟ್ 12ರ ಬೆಳಗ್ಗೆ ಶ್ರೀರಂಗಪಟ್ಟಣದ ಕೋಟೆಯ ಫಿರಂಗಿಗಳು ಹೈದರನ ಬಿಡಾರದ ಕಡೆ ತಿರುಗಿ ಗುಂಡು ಹಾರಿಸಿದವು. ಅವನ ಮುಖ್ಯ ಸೈನ್ಯ ಫ್ರೆಂಚರ ಸಹಾಯಕ್ಕೆಂದು ಪುದುಚೇರಿಯ ಕಡೆಗೆ ಹೋಗಿತ್ತು. ಮರಾಠರ ವೀಸಾಜಿ ಪಂಡಿತನನ್ನೂ ಖಂಡೇರಾಯ ಕರೆಯಿಸಿದ್ದ. ಆ ರಾತ್ರಿ ಹೈದರ್ ಹೆಂಡತಿಮಕ್ಕಳನ್ನು ಅಲ್ಲಿಯೇ ಬಿಟ್ಟು, ತುಂಬಿದ ಕಾವೇರಿಯನ್ನು ದಾಟಿ, ಆನೇಕಲ್ಲಿನ ಮಾರ್ಗವಾಗಿ ಬೆಂಗಳೂರಿಗೆ ಓಡಿಬಂದ. ಬೆಂಗಳೂರಿನ ಬಾಗಿಲು ಮುಚ್ಚಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅಲ್ಲಿದ್ದ ಅವನ ನಂಬಿಕೆಯ ಅಧಿಕಾರಿ ಕಬೀರ್ ಬೇಗ್ ಕೋಟೆಯನ್ನು ಉಳಿಸಿಕೊಟ್ಟ. ಪೇಟೆಯ ಸಾಹುಕಾರರು ಅವನ ಮಾತಿನ ಮೇಲೆಯೇ ಸಾಲ ಕೊಟ್ಟರು.

ಮುಂದಿನ ತಿಂಗಳುಗಳಲ್ಲಿ ನಡೆದುದನ್ನು ಚುಟುಕಾಗಿ ಹೇಳುತ್ತೇನೆ. ವೀಸಾಜಿ ಪಂಡಿತ ಬಾರಾಮಹಲ್ ಸೀಮೆ ಮತ್ತು ಹಣದ ಒಪ್ಪಂದಕ್ಕೆ ಒಲಿದು ಹಿಂದಿರುಗಿದ. ಉತ್ತರದಲ್ಲಿ ಪಾಣಿಪತ್ತಿನ ಬಯಲಿನಲ್ಲಿ ಮರಾಠರ ಭವಿಷ್ಯವೇ ತೂಗಾಡುತ್ತಿದ್ದ ಕಾಲವದು. 1761ರ ಜನವರಿ 14ರಂದು ಅವರು ಅಲ್ಲಿ ಸೋತರು. ಇಲ್ಲಿ ಹೈದರ್ ನಂಜನಗೂಡಿನ ಬಳಿ ಖಂಡೇರಾಯನಿಗೆ ಸೋತು, ಕೆಲವೇ ಸವಾರರೊಡನೆ ಕೊಣನೂರಿಗೆ ಹೋಗಿ, ತಾನೇ ಇಳಿಸಿದ ನಂಜರಾಜಯ್ಯನ ಕಾಲು ಹಿಡಿದು ಕ್ಷಮೆ ಬೇಡಿದ. ಮುದುಕ ಕರಗಿದ. ಅವನ ಮುದ್ರೆಯೊತ್ತಿದ ಕಾಗದಗಳು ಖಂಡೇರಾಯನ ಸರದಾರರ ಹೆಸರಿಗೆ, ಖಂಡೇರಾಯನ ಕೈಗೇ ಸಿಕ್ಕುವಂತೆ, ಹೊರಟವು. ಒಪ್ಪಂದದಂತೆ ಪ್ರಧಾನನನ್ನು ಹಿಡಿದುಕೊಡಿ ಎಂದು ಅವುಗಳಲ್ಲಿ ಬರೆದಿತ್ತು. ಓದಿದ ಖಂಡೇರಾಯ ತನ್ನವರೆಲ್ಲ ಮಾರಾಟವಾದರೆಂದು ಬೆದರಿ ಸೈನ್ಯವನ್ನು ಬಿಟ್ಟು ಓಡಿದ. ಅವರಲ್ಲಿ ಒಬ್ಬನೂ ಮಾರಾಟವಾಗಿರಲಿಲ್ಲ. ಅಷ್ಟು ವರ್ಷಗಳ ಒಳಜಗಳದ ನಂತರ, ಅಂಥ ಕಾಗದವನ್ನು ನಂಬದೆ ಇರುವುದು ಮಾತ್ರ ಯಾರಿಗೂ ಸಾಧ್ಯವಿರಲಿಲ್ಲ.

1761ರ ಬೇಸಗೆಯ ಹೊತ್ತಿಗೆ ಎಲ್ಲ ಮುಗಿದಿತ್ತು. ಹೈದರ್ ಶ್ರೀರಂಗಪಟ್ಟಣದೆದುರು ನಿಂತು ಕೇಳಿದ್ದು ಸಿಂಹಾಸನವನ್ನಲ್ಲ. ಸೈನ್ಯದ ಬಾಕಿ ಸಂಬಳವನ್ನು ಮತ್ತು ಖಂಡೇರಾಯನನ್ನು. ಅರಸರ ಖರ್ಚಿಗೆ 3 ಲಕ್ಷದ, ನಂಜರಾಜಯ್ಯನಿಗೆ 1 ಲಕ್ಷದ ಸೀಮೆ ಬಿಟ್ಟು ಉಳಿದದ್ದೆಲ್ಲ ಹೈದರನ ಆಡಳಿತಕ್ಕೆ ಬಂತು. ಖಂಡೇರಾಯನ ಜೀವ ಉಳಿಸಬೇಕೆಂದು ಅರಮನೆಯ ಹೆಂಗಸರು ಬೇಡಿಕೊಂಡಾಗ ‘ಗಿಳಿಯಂತೆ ಸಾಕುತ್ತೇನೆ’ ಎಂದನಂತೆ. ಆ ಮಾತಿನಂತೆ ಕಬ್ಬಿಣದ ಪಂಜರದಲ್ಲಿಟ್ಟು, ಹಾಲು ಅನ್ನ ಕೊಡಿಸಿ, ಬೆಂಗಳೂರಿನಲ್ಲಿ ಇರಿಸಿದನಂತೆ. ವಿಲ್ಕ್ಸ್ ಹೈದರನ ಮನೆತನವನ್ನು ಸೋಲಿಸಿದ ಪಕ್ಷದವನಾದುದರಿಂದ ಇಂಥ ಕಥೆಗಳನ್ನು ಅಷ್ಟು ಎಚ್ಚರದಿಂದಲೇ ಓದಬೇಕು. ಅದೇ ವರ್ಷ ಸಲಾಬತ್ ಜಂಗನ ತಮ್ಮ ಬಸಾಲತ್ ಜಂಗ್ ಹೊಸಕೋಟೆಯನ್ನು ಮುತ್ತಿಕೊಂಡಿದ್ದಾಗ ಹೈದರ್ ಅವನಿಗೆ 3 ಲಕ್ಷ ಒಪ್ಪಿಸಿ ಶಿರಾದ ನವಾಬನೆಂಬ ಹೆಸರು ಪಡೆದ. ದೊಡ್ಡಬಳ್ಳಾಪುರಕ್ಕೆ ಅವನ ಸೈನ್ಯ ಬರುವ ಸುದ್ದಿ ಕೇಳಿ, ಹಿಂದೆ ನಗಾರಿ ಬಿಗಿಸಿದ್ದ ಅಬ್ಬಾಸ್ ಕುಲಿ ಖಾನ್ ಮದರಾಸಿಗೆ ಓಡಿಹೋದ.

ಈಗ ಹುಡುಗರ ವಾದಕ್ಕೆ ಬರೋಣ. ಈ ಯುದ್ಧದಲ್ಲಿ ಯಾರು ಯಾವ ಪಕ್ಷ? ಹೈದರನನ್ನು ಮೇಲೆತ್ತಿದವನು ನಂಜರಾಜಯ್ಯ. ಹೈದರನ ಬಲಗೈಯಾಗಿದ್ದವನು ಖಂಡೇರಾಯ. ಅವನ ಮೇಲೆ ಬಿದ್ದವನೂ ಖಂಡೇರಾಯನೇ. ಹೈದರನನ್ನು ಮುಗಿಸಲು ಬಂದು ಹಣಕ್ಕೆ ಒಲಿದು ಹಿಂದಿರುಗಿದವನು ವೀಸಾಜಿ ಪಂಡಿತ. ಸೋತ ಹೈದರನಿಗೆ ಕೊನೆಗೆ ಆಸರೆ ಕೊಟ್ಟದ್ದು ಅವನಿಂದಲೇ ಪದವಿ ಕಳೆದುಕೊಂಡಿದ್ದ ಕಳಲೆಯವನು. ಬಾಲ್ಯದಲ್ಲಿ ಹೈದರನನ್ನು ಹಿಂಸಿಸಿದವನು ಅವನ ಮತದವನೇ. ಜಾತಿಮತಗಳ ಗೆರೆ ಎಳೆದು ಈ ಯುದ್ಧವನ್ನು ಎರಡಾಗಿ ಹಂಚಲು ಹೊರಟರೆ ಗೆರೆಯ ಎರಡು ಕಡೆಯೂ ಎಲ್ಲರೂ ಸಿಕ್ಕುತ್ತಾರೆ. ಎಲ್ಲರಿಗೂ ಸಮಾನವಾಗಿದ್ದುದು ಒಂದೇ: ಪ್ರತಿಯೊಬ್ಬನೂ ಕತ್ತಿಯೆತ್ತಿದ್ದು ಅರಸರ ಹೆಸರಿನಲ್ಲಿ.

ನಾನು ಓದುತ್ತಿದ್ದ ಸ್ಪೇನಿನ ಕಥೆ ನೆನಪಾದದ್ದು ಇಲ್ಲಿ. ಆ ದೇಶದಲ್ಲಿ 1931ರ ಏಪ್ರಿಲಿನಲ್ಲಿ ದೊರೆ ಹೊರಟುಹೋಗಿ ಗಣರಾಜ್ಯ ಬಂತು. ಹೊಸ ಸರ್ಕಾರ ಸೈನ್ಯವನ್ನು ತಿದ್ದಲು, ಶಾಲೆಗಳನ್ನು ತೆರೆಯಲು, 1932ರ ಕಾನೂನಿನಿಂದ ಭೂಮಿಯನ್ನು ಹಂಚಲು ಹೊರಟಿತು. ಕೆಲವರಿಗೆ ಅದು ಅತಿಯಾಯಿತು, ಕೆಲವರಿಗೆ ಸಾಲದಾಯಿತು. 1932ರಲ್ಲಿ ಒಬ್ಬ ಸೇನಾಪತಿ ದಂಗೆಯೆದ್ದು ಸೋತ. 1934ರಲ್ಲಿ ಅಸ್ಟೂರಿಯಾಸಿನ ಗಣಿಕೆಲಸಗಾರರು ಎದ್ದು ಸೋತರು. 1936ರ ಫೆಬ್ರವರಿಯ ಚುನಾವಣೆಯಲ್ಲಿ ಎಡಪಕ್ಷಗಳ ಕೂಟ ಗೆದ್ದಿತು. ಜುಲೈಯಲ್ಲಿ ಸೇನಾಪತಿಗಳು ತಿರುಗಿಬಿದ್ದರು. ಜರ್ಮನಿ, ಇಟಲಿ ಒಂದು ಕಡೆ, ರಷ್ಯ ಇನ್ನೊಂದು ಕಡೆ ಕೈಹಾಕಿದವು. 1939ರ ಏಪ್ರಿಲಿನಲ್ಲಿ ಯುದ್ಧ ಮುಗಿದಾಗ ಉಳಿದವನು ಫ್ರಾಂಕೋ. 1947ರಲ್ಲಿ ಅವನು ಸ್ಪೇನನ್ನು ರಾಜ್ಯವೆಂದು ಸಾರಿದ. ಆದರೆ 1975ರಲ್ಲಿ ತಾನು ಸಾಯುವವರೆಗೂ ಸಿಂಹಾಸನದ ಮೇಲೆ ಯಾರನ್ನೂ ಕೂರಿಸಲಿಲ್ಲ. ನಮ್ಮ ಹೈದರನೂ ಸಿಂಹಾಸನ ಏರಲಿಲ್ಲ. ದಸರೆಯಲ್ಲಿ ಅರಸರನ್ನು ಕೂರಿಸಿ ಜನರಿಗೆ ತೋರಿಸಿ, ಆಳಿಕೆಯನ್ನು ತನ್ನಲ್ಲಿಟ್ಟುಕೊಂಡ.

ಎರಡನ್ನೂ ಒಂದೇ ಎನ್ನುವಷ್ಟು ಧೈರ್ಯ ನನಗಿಲ್ಲ. ಸ್ಪೇನಿನಲ್ಲಿ ಮತವಿತ್ತು, ಪಕ್ಷಗಳಿದ್ದವು, ಭೂಮಿಗಾಗಿ ಕಾದ ರೈತರಿದ್ದರು. ಮೈಸೂರಿನಲ್ಲಿ ಕೇಳುವವರಿರಲಿ, ಹೇಳುವ ಅವಕಾಶವೇ ರೈತನಿಗಿರಲಿಲ್ಲ. 56 ಲಕ್ಷವೂ 32 ಲಕ್ಷವೂ ಅವನ ಕಣದಿಂದಲೇ ಬರಬೇಕಾಗಿತ್ತು. ಆದರೆ ಒಂದು ಹೋಲಿಕೆ ಮನಸ್ಸನ್ನು ಬಿಡುವುದಿಲ್ಲ. ಮನೆಯನ್ನು ಸರಿಮಾಡಬೇಕೆಂಬ ಆಸೆ ಎರಡೂ ಕಡೆ ನಿಜವಾದುದೇ. ಚಾಮರಾಜರದು ತಪ್ಪಲ್ಲ, ಕೃಷ್ಣರಾಜರದೂ ತಪ್ಪಲ್ಲ. ತಪ್ಪಿದ್ದು ದಾರಿಯಲ್ಲಿ. ಪ್ರತಿಸಲವೂ ಎದುರಿನವನನ್ನು ತೆಗೆಯಲು ಆಯುಧವಿರುವ ಮೂರನೆಯವನನ್ನು ಕರೆದರು. ಬಂದವನು ಕೆಲಸ ಮುಗಿಸಿ ಮನೆಗೆ ಹೋಗಲಿಲ್ಲ. 1766ರಲ್ಲಿ ಕೃಷ್ಣರಾಜರು ತೀರಿಕೊಂಡಾಗ ಹೊಸ ಅರಸರನ್ನು ಕೂರಿಸುವ ಮಾತೂ ಹೈದರನದೇ ಆಗಿತ್ತು. ಒಡೆಯರ ಮನೆತನ ಮತ್ತೆ ತಲೆಯೆತ್ತಲು 1799ರವರೆಗೆ ಕಾಯಬೇಕಾಯಿತು. ಅದೂ ಇನ್ನೊಬ್ಬ ಆಯುಧಧಾರಿಯ ಕೈಯಿಂದ, ಇಂಗ್ಲಿಷರ ಕೈಯಿಂದ.

ಕಥೆ ಮುಗಿಯುವ ಹೊತ್ತಿಗೆ ಬಿಸಿಲು ಇಳಿದಿತ್ತು. ವಾದ ಮಾಡಿದ ಇಬ್ಬರೂ ಸುಮ್ಮನಿದ್ದರು; ಒಪ್ಪಿದರೆಂದು ನಾನು ಹೇಳಲಾರೆ. ಅಲ್ಲಿಯವರೆಗೆ ಮಾತನಾಡದೆ ಕೇಳುತ್ತಿದ್ದ ಹುಡುಗಿಯೊಬ್ಬಳು, ಮೆಟ್ಟಿಲಿಳಿಯುವಾಗ ಹತ್ತಿರ ಬಂದು, “ಆ ಸಿಪಾಯಿಗಳಿಗೆ ಬಾಕಿ ಸಂಬಳ ಕೊನೆಗೆ ಸಿಕ್ಕಿತೇ ಸಾರ್?” ಎಂದಳು.

“ಸಿಕ್ಕಿರಬೇಕಮ್ಮ” ಎಂದೆ. “ಆ ಬಾಕಿಯ ಲೆಕ್ಕಕ್ಕೇ ತಾನೇ ರಾಜ್ಯ ಹೋದದ್ದು.”